ನಿನ್ನೆಯ ಸಿಂಹ

ಕ್ರೂಗರಿನ ನಮ್ಮ ಶಿಬಿರದ ಅಂಗಡಿಯಲ್ಲಿ, ಐಸ್ ಪೆಟ್ಟಿಗೆಯ ಪಕ್ಕ,
ಆ ತಗಡಿನ ನಕ್ಷೆ ಇನ್ನೂ ನೇತಾಡುತ್ತಿದೆ.
ಸಿಂಹಕ್ಕೆ ಕೆಂಪು ಬಿಲ್ಲೆ, ಚಿರತೆಗೆ ಹಳದಿ,
ಆನೆಗೆ ಬೂದು, ಕಾಡುನಾಯಿಗೆ ನೀಲಿ.
ಅಂಗಿ ಗುಂಡಿಯಷ್ಟೇ ಗಾತ್ರ, ಬೆನ್ನಿಗೆ ಅಯಸ್ಕಾಂತ.

ಮೊದಲೆಲ್ಲ ಗೇಟು ಮುಚ್ಚುವ ಹೊತ್ತಿಗೆ
ಧೂಳು ಮೆತ್ತಿದ ಜನ ಬಂದು
ಕಂಡದ್ದನ್ನು ಕಂಡಲ್ಲಿ ಅಂಟಿಸುತ್ತಿದ್ದರು.
ಅಷ್ಟರಲ್ಲಿ ಸಿಂಹ ಎದ್ದು ಮೈಮುರಿದು
ಎರಡು ಹಳ್ಳ ದಾಟಿ ಹೋಗಿರುತ್ತಿತ್ತು.
ನಾವು ಹಂಚಿಕೊಂಡದ್ದೆಲ್ಲ ನಿನ್ನೆಯ ಸಿಂಹ.
ಯಾರೂ ಜಗಳಕ್ಕೆ ಬರಲಿಲ್ಲ.
ಪೋರರು ಚಿರತೆಯನ್ನು ಹೆಂಗಸರ ಕಕ್ಕಸಿನ ಮೇಲೆ ಕೂರಿಸಿ
ಕಿಸಕ್ಕನೆ ನಗುತ್ತಿದ್ದರು,
ಆಗಿನ ಸುಳ್ಳು ಅಂದರೆ ಅಷ್ಟೇ.

ಎದುರು ಬಂಡಿ ಬಂದರೆ ಗಾಜು ಇಳಿಸುವುದು ವಾಡಿಕೆ.
"ಅವುಶೇನಿ. ಮುಂದೆ ಏನಾದರೂ?"
"ಏನಿಲ್ಲ, ಬರೀ ಇಂಪಾಲ. ನಿಮ್ಮ ಕಡೆ?"
"ಒಂದು ಹದ್ದು. ಅದೂ ಬೆನ್ನು ತಿರುಗಿಸಿ ಕೂತಿದೆ."
ಇಷ್ಟು ಮಾತಿಗೇ ಬೆಳಗು ಹಗುರಾಗುತ್ತಿತ್ತು.
ಈಗ ಗಾಜು ಇಳಿಯುವುದಿಲ್ಲ.
ತಲೆ ತಗ್ಗಿಸಿ, ಹೆಬ್ಬೆರಳಿನಲ್ಲಿ ಕಾಡು ಸರಿಸುತ್ತಾ
ಜಿರಾಫೆಯ ಕಾಲಡಿಯಲ್ಲೇ ಹಾದುಹೋಗುತ್ತಾರೆ.

ಮೊನ್ನೆ ಗುರುವಾರ, ನದಿ ಮಗ್ಗುಲ ದಾರಿ.
ಮರೂಲಾ ಮರದ ಕವಲಿನಲ್ಲಿ ಸತ್ತ ಇಂಪಾಲ,
ಒಂದು ಕಾಲು ಲೋಲಕದ ಹಾಗೆ ಆಡುತ್ತಿತ್ತು.
ಬುಡದಲ್ಲಿ ಅವಳು, ಮುಂಗಾಲಿನಿಂದ
ಬಾಯಿ ಒರೆಸಿಕೊಳ್ಳುತ್ತಿದ್ದಳು.
ಎಂಜಿನ್ ಆರಿಸಿದೆ.
ಹಿಂದೆ ಕೂತಿದ್ದ ಬ್ಲೂಮ್‌ಫಾಂಟೇನಿನ ಗಂಡ ಹೆಂಡತಿ
ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.
ಏಳು ನಿಮಿಷ.
ಕಾಡು ಕಾಡಾಗಿತ್ತು.

ಆಮೇಲೆ ಮೊದಲ ಬಂಡಿ. ಆಮೇಲೆ ನಾಲ್ಕು.
ಆಮೇಲೆ ಎಣಿಸುವುದು ಬಿಟ್ಟೆ,
ಎಳ್ಳು ಚೆಲ್ಲಿದರೂ ನೆಲ ಮುಟ್ಟದಷ್ಟು ಬಂಡಿ.
ಚಾವಣಿಯ ಕಿಂಡಿಯಿಂದ ಸೊಂಟದವರೆಗೆ ಎದ್ದ ಹುಡುಗ,
ಹಾರನ್ನು ಒತ್ತಿಯೂ ಒತ್ತದ ಹಾಗೆ ಒತ್ತುವ ಅಜ್ಜ,
"ಏ ಬಿಳಿ ಟೊಯೊಟಾ, ರಸ್ತೆ ನಿಮ್ಮಪ್ಪಂದಾ?"

ಅವಳ ಮರಿ ರಸ್ತೆಯಾಚೆ, ಬಂಡೆಯ ಸಂದಿನಲ್ಲಿ.
ಮೂರು ಸಲ ಅಂಚಿಗೆ ಬಂದಳು,
ಒಂದು ಬಂಪರನ್ನು ಮೂಸಿ ಹಿಂದೆ ಹೋದಳು.
ನಾಲ್ಕನೆಯ ಸಲ ಅಲ್ಲೇ ಮಲಗಿಬಿಟ್ಟಳು,
ಬಂದದ್ದೇ ಮಲಗುವುದಕ್ಕೆ ಎನ್ನುವಂತೆ.
"ಎಷ್ಟು ಶಾಂತವಾಗಿದೆ ನೋಡಿ!" ಎಂದಳು ಯಾರೋ.
ಶಾಂತ ಅಲ್ಲಮ್ಮ,
ದಾರಿ ಇಲ್ಲ.

ಆ ಚುಕ್ಕಿ ಇಟ್ಟವನು ಯಾರು ಅಂತ ಕೇಳಬೇಡಿ.
ಕೇಳಿದರೆ ಹೇಳುತ್ತೇನೆ: ನಾನೇ,
ಖಜಮುಲಾ ಬಲೋಯಿ, ಹದಿನೇಳು ವರ್ಷದಿಂದ ಇದೇ ದಾರಿಯವನು.
ಮೊದಲು ಕಂಡವನ ಹೆಸರಿಗೆ ಒಂದು ಚಿನ್ನದ ಪಂಜ,
ಹತ್ತು ಪಂಜಕ್ಕೆ ಮಾಲೀಕ ಕೊಡುವ ಕಾಸು
ಮಗಳ ಶಾಲೆ ಬಸ್ಸಿಗೆ ಸರಿಹೋಗುತ್ತದೆ.
ಏಳು ನಿಮಿಷ ತಡೆದೆ ಅನ್ನುವುದು
ನನಗೆ ನಾನೇ ಕೊಟ್ಟುಕೊಂಡ ಸರ್ಟಿಫಿಕೇಟು.

ವಾಪಸು ಬರುವಾಗ ಒಂದು ಆಮೆ ರಸ್ತೆ ದಾಟುತ್ತಿತ್ತು.
ನಿಲ್ಲಿಸಿದೆ.
ಹಿಂದಿನಿಂದ ಹೆಂಗಸು ಫೋನು ನೋಡಿ ಕೇಳಿದಳು,
"ಇಲ್ಲಿ ಏನೂ ತೋರಿಸ್ತಾ ಇಲ್ವಲ್ಲ?"
ತೋರಿಸುವುದಿಲ್ಲ, ಎಂದೆ.
ಅದು ಆ ಬದಿಯ ಹುಲ್ಲು ಸೇರುವವರೆಗೂ
ಮೂವರೂ ಸುಮ್ಮನೆ ಕೂತೆವು.

ಸಂಜೆ ಅಂಗಡಿಗೆ ಹೋದೆ.
ಹಲಗೆಯಲ್ಲಿ ಆಮೆಗೆ ಬಣ್ಣವಿಲ್ಲ.
ಡಬ್ಬಿಯ ತಳದಲ್ಲಿ, ಬಣ್ಣ ಪೂರ್ತಿ ಸವೆದ
ಒಂದು ಬಿಲ್ಲೆ ಸಿಕ್ಕಿತು, ಯಾವ ಕಾಲದ ಯಾವ ಪ್ರಾಣಿಯೋ.
ಅದನ್ನೇ ದಾರಿಯ ತಿರುವಿನಲ್ಲಿ ಅಂಟಿಸಿದೆ.
ಗಲ್ಲಾದ ಹಿಂದಿನಿಂದ ನ್ಯೆಲೆತಿ ಕತ್ತು ಚಾಚಿದಳು,
"ಅದು ಯಾವುದು ಮಾಮ?"
"ನಿಧಾನದ್ದು" ಎಂದೆ.

ಜೇಬಿನಲ್ಲಿ ಫೋನು ಟಣ್ ಎಂದಿತು.
ತೆಗೆದು ನೋಡಿದೆ.