ರಸೀದಿ ತರಲು ಹೋದಾಗ

ಮರ್ಗಿಲಾನಿನ ಈ ಆಸ್ಪತ್ರೆಯಲ್ಲಿ
ನನ್ನ ಮೇಜಿನೆದುರು ಎರಡು ಕುರ್ಚಿ.
ಸೊಸೆ ಕೂರುತ್ತಾಳೆ, ಅತ್ತೆ ಮಾತಾಡುತ್ತಾಳೆ.

ಕೊನೆಯ ಮುಟ್ಟು ಯಾವಾಗ?
ಹದಿನಾಲ್ಕಕ್ಕೆ, ಗುರುವಾರ, ಎನ್ನುತ್ತಾಳೆ ಖೋಸಿಯತ್,
ಹಾಲಿನ ಲೆಕ್ಕ ಒಪ್ಪಿಸಿದ ಹಾಗೆ.
ಹೊಟ್ಟೆನೋವು?
ಏನಿಲ್ಲ. ನಮ್ಮ ಕಾಲದಲ್ಲಿ ನೋವಿಗೆ ಹೆಸರೇ ಇರಲಿಲ್ಲ.

ಓಯ್ದಿನ್ ತನ್ನ ಬೆರಳು ನೋಡಿಕೊಳ್ಳುತ್ತಾಳೆ.
ಉಗುರ ಸಂದಿಯಲ್ಲಿ ದಾಳಿಂಬೆ ಸಿಪ್ಪೆಯ ಹಳದಿ.
ರೇಷ್ಮೆಗೆ ಬಣ್ಣ ಹಾಕುವ ಮನೆ ಅವರದು.

ಎರಡೂ ಹೆಣ್ಣು, ಡಾಕ್ಟರಮ್ಮ.
ಚಿಕ್ಕದಕ್ಕೆ ಎರಡೂವರೆ ತುಂಬಿತು.
ತೊಟ್ಟಿಲನ್ನು ನಾನಿನ್ನೂ ಅಟ್ಟಕ್ಕೆ ಏರಿಸಿಲ್ಲ,
ದಿನಾ ಒರೆಸಿಡುತ್ತೇನೆ.
ಇವಳ ಒಳಗೇನಾದರೂ ಕೆಟ್ಟಿದೆಯೋ, ನೋಡಿ.

ಏನಿದೆಯೆಂದು ನನಗೆ ಗೊತ್ತು.
ಹದಿನಾಲ್ಕು ತಿಂಗಳ ಹಿಂದೆ
ಹಲ್ಲುನೋವೆಂದು ದವಡೆಗೆ ಶಾಲು ಕಟ್ಟಿಕೊಂಡು
ಒಬ್ಬಳೇ ಬಂದಿದ್ದಳು ಈ ಹುಡುಗಿ.
ಬಾಗಿಲು ಹಾಕಿದ ಮೇಲೆ ಶಾಲು ಬಿಚ್ಚಿದಳು.
ಆ ತಾಮ್ರದ ಚೂರನ್ನು ಇಟ್ಟವಳು ನಾನೇ.

ಕೌಂಟರಿನಲ್ಲಿ ದುಡ್ಡು ಕಟ್ಟಿ ರಸೀದಿ ತನ್ನಿ, ಎಂದೆ.
ಖೋಸಿಯತ್ ಮಂಡಿ ಹಿಡಿದುಕೊಂಡು ಎದ್ದಳು.
ಏಳು ಹೆತ್ತ ಮಂಡಿ. ಉಳಿದದ್ದು ನಾಲ್ಕು.

ಹೆಜ್ಜೆ ಸದ್ದು ದೂರವಾಗುವವರೆಗೂ ಇಬ್ಬರೂ ಸುಮ್ಮನಿದ್ದೆವು.

ಅದು ಎಷ್ಟು ದಿನ ತಾಳುತ್ತೆ?
ಹತ್ತು ವರ್ಷ.
ಬೆರಳು ಮಡಿಸಿದಳು, ಬಿಚ್ಚಿದಳು, ನಕ್ಕಳು.
ಮುಂದಿನ ಎರಡು ಹಲ್ಲಿನ ನಡುವೆ ಸಂದಿಯಿದೆ ಎಂದು
ಅವತ್ತೇ ನನಗೆ ಕಂಡದ್ದು.
ದಾರ ಬಿಗಿದು ಕಟ್ಟಿದ ಕಡೆ
ಬಣ್ಣ ಇಳಿಯೋದಿಲ್ಲ ಅಕ್ಕ, ಎಂದಳು,
ಇಡೀ ಹಂಡೆಯಲ್ಲಿ ಮುಳುಗಿಸಿದರೂ.

ಅಷ್ಟರಲ್ಲಿ ಅತ್ತೆ ಬಂದಳು.
ಒಂದು ಕೈಯಲ್ಲಿ ರಸೀದಿ,
ಇನ್ನೊಂದರಲ್ಲಿ ಕಾಗದದೊಳಗೆ ಬಿಸಿ ಸಮ್ಸಾ.
ತಿನ್ನು, ಕಡ್ಡಿಯಾಗಿದ್ದೀ, ಎಂದು ಸೊಸೆಯ ಮಡಿಲಿಗಿಟ್ಟಳು.
ಆ ಸುಡುವ ಪೊಟ್ಟಣ ನೋಡಿ
ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು.

ಬರೆದೆ: ರಕ್ತ ಕಡಿಮೆ. ಎರಡು ವರ್ಷ ಬಸಿರು ಬೇಡ.
ಚೀಟಿಯನ್ನು ತೋಳುದ್ದ ದೂರ ಹಿಡಿದು ಓದಿದಳು.
ಎರಡೇ?
ಎರಡು.
ಒಂದರ ಮುಂದೆ ಸೊನ್ನೆ ಬರೆಯುವ ಧೈರ್ಯ ನನಗಿರಲಿಲ್ಲ.

ಸಂಜೆ ಮನೆಗೆ ಬಂದರೆ ಮಫ್ತೂನಾ ಚಹಾ ಕೊಟ್ಟಳು,
ಬಟ್ಟಲಿಗೆ ಅರ್ಧವೇ, ದೊಡ್ಡವರಿಗೆ ಕೊಡುವ ಮರ್ಯಾದೆಯಂತೆ.
ಮಗನ ಮದುವೆಯಾಗಿ ಏಳು ತಿಂಗಳು.
ತಟ್ಟೆಯಿಂದ ಹುಳಿ ಜರ್ದಾಳು ಒಂದನ್ನು ಆರಿಸಿಕೊಂಡಳು.
ಅಷ್ಟೇ.
ನನ್ನ ಕಣ್ಣು, ಇಪ್ಪತ್ತಾರು ವರ್ಷ ಓದಿ ದುಡಿದ ಕಣ್ಣು,
ತಾನಾಗಿ ಅವಳ ಸೊಂಟಕ್ಕಿಳಿಯಿತು.
ಏನು, ಹುಳಿ ಬೇಕನ್ನಿಸುತ್ತಾ?
ಎಂದದ್ದು ನಾನೇ.
ಅವಳು ಜರ್ದಾಳನ್ನು ತಟ್ಟೆಗೆ ವಾಪಸು ಇಟ್ಟಳು.

ಬೆಳಿಗ್ಗೆ, ಅಂಗಳ ಗುಡಿಸಿ ಕೈ ತೊಳೆದು,
ಹಲ್ಲು ನೋಯ್ತಾ ಇದೆ ಅಮ್ಮ, ಎಂದಳು,
ಒಬ್ಬಳೇ ಹೋಗಿಬರ್ತೀನಿ.

ಹೋಗಿ ಬಾ, ಎಂದೆ.
ಯಾವ ಹಲ್ಲು ಎಂದು ಕೇಳಲಿಲ್ಲ.
ಗೂಟದಲ್ಲಿದ್ದ ನನ್ನ ಶಾಲನ್ನು ಕೊಟ್ಟೆ.