ಆರನೆಯವನಾದ ಮೇಲೆ

ಶೆಫೀಲ್ಡಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ನನ್ನ ಕೆಲಸ ಮೊದಲು ಮೂಗಿನದು, ಆಮೇಲೆ ಕಿವಿಯದು.
ಡಬ್ಬಿಯ ಮುಚ್ಚಳ ತೆಗೆದರೆ ಹುಳಿ ವಾಸನೆ:
ಹಳೆಯ ಟೇಪು ಮಜ್ಜಿಗೆಯ ಹಾಗೆ ಕೆಡುತ್ತದೆ,
ಒಳಗಿನ ಮಾತು ಕೆಡುವ ಮೊದಲು
ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು.

ಈ ವಾರ ಹತ್ತೊಂಬತ್ತುನೂರ ಅರವತ್ತನಾಲ್ಕು.
ಎನಿಡ್ ಹ್ಯಾಲಮ್ ಎಂಬ ಇಪ್ಪತ್ತೇಳರ ಹುಡುಗಿ
ಹನ್ನೊಂದು ಸೇರಿನ ಯಂತ್ರ ಹೊತ್ತು
ಪಶ್ಚಿಮ ಉಗಾಂಡದ ಒಂದು ಬಾಳೆಯ ಹಿತ್ತಿಲಿಗೆ ಹೋಗಿ
ನಿಮ್ಮ ಅರಸರ ಹೆಸರು ಹೇಳಿ ಎಂದಿದ್ದಾಳೆ.
ಹೇಳಿದವನು ತಿಬಮನ್ಯಾ. ಸಮಾಧಿ ಕಾಯುವ ಮನೆತನ.
ಆ ಹೆಸರಿಗೆ 'ಅವರಿಗೆ ಗೊತ್ತಿಲ್ಲ' ಎಂದರ್ಥವಂತೆ;
ಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು
ಪಕ್ಕದಲ್ಲೊಂದು ಆಶ್ಚರ್ಯದ ಗೆರೆ ಎಳೆದಿದ್ದಾಳೆ.

ಹುಂಜ ಕೂಗುತ್ತದೆ. ಯಾರೋ ಪಾತ್ರೆ ಉಜ್ಜುತ್ತಾರೆ.
ಮುದುಕ ಶುರುಮಾಡುತ್ತಾನೆ:
ಡೋಲು ತಂದವನು, ಅವನ ಮಗ, ಉಪ್ಪಿನ ಕೆರೆ ಗೆದ್ದವನು,
ಹಗಲಲ್ಲೇ ಸೂರ್ಯ ಕಂದಿದಾಗ
ದನಗಳನ್ನು ಹಟ್ಟಿಗೆ ಅಟ್ಟಿಸಿದವನು.
ಇಲ್ಲಿ ಎನಿಡ್ ಉಸಿರು ಹಿಡಿದದ್ದು ಟೇಪಿನಲ್ಲೇ ಕೇಳುತ್ತದೆ.
ಗ್ರಹಣ! ಖಗೋಳದ ಕೋಷ್ಟಕಕ್ಕೆ ಸಿಕ್ಕಿಬಿದ್ದ ಅರಸ.
ಅವನನ್ನೇ ಗೂಟ ಮಾಡಿ
ತಲೆಮಾರಿಗೆ ಇಪ್ಪತ್ತೇಳು ವರ್ಷದ ಹಗ್ಗ ಬಿಗಿದು
ಹಿಂದಕ್ಕೂ ಮುಂದಕ್ಕೂ ಅಳೆದಳು.
ಬರವಣಿಗೆ ಇಲ್ಲದವರಿಗೆ ಚರಿತ್ರೆಯೂ ಇಲ್ಲವೆಂದು
ಪೈಪಿನ ಹೊಗೆಯೊಳಗಿಂದ ಹೇಳುತ್ತಿದ್ದ ಪ್ರೊಫೆಸರುಗಳ ಮುಂದೆ
ಹದಿನೇಳು ಅರಸರನ್ನು ಸಾಲಾಗಿ ತಂದು ನಿಲ್ಲಿಸಿದಳು.

ಆರನೆಯವನಾದ ಮೇಲೆ ತಿಬಮನ್ಯಾ ಕೆಮ್ಮುತ್ತಾನೆ.
ಆಮೇಲೆ ಏಳನೆಯವನು.

ಕೆಮ್ಮಿದರೇನಂತೆ? ಮುದುಕ, ಹೊಗೆಸೊಪ್ಪು, ಬೆಳಗಿನ ಥಂಡಿ.
ಕಂಪ್ಯೂಟರು ಕೇಳಿತು: ಗದ್ದಲ ಅಳಿಸಲೇ?
ಬೆರಳು ಗುಂಡಿಯ ಮೇಲಿತ್ತು.
ಎರಡನೆಯ ಸುರುಳಿ, ನಾಲ್ಕು ತಿಂಗಳ ನಂತರ, ಮಧ್ಯಾಹ್ನ, ತಗಡಿನ ಮೇಲೆ ಮಳೆ.
ಆರನೆಯವನು. ಕೆಮ್ಮು. ಏಳನೆಯವನು.
ಮೂರನೆಯದರಲ್ಲಿ ಅವನಿಲ್ಲ. ಮೊಮ್ಮಗಳು ಹೇಳುತ್ತಾಳೆ,
ಹದಿನಾಲ್ಕರ ತಿಳಿ ಗಂಟಲು.
ಆರನೆಯವನಾದ ಮೇಲೆ ಅವಳೂ
ಅಜ್ಜನ ಕೆಮ್ಮನ್ನೇ ಕೆಮ್ಮುತ್ತಾಳೆ:
ಎರಡು ಗಿಡ್ಡ, ಒಂದು ಉದ್ದ.

ಆಗ ನೆನಪಾದ, ನಮ್ಮ ಹಾವೇರಿಯ ಓಣಿಗೆ
ಎತ್ತಿನ ಮೇಲೆ ಕೂತು ಬರುತ್ತಿದ್ದ ಹೆಳವ.
ಗಂಟೆ ಅಲ್ಲಾಡಿಸಿ, ಕಣ್ಣು ಮುಚ್ಚಿ
ನಮ್ಮ ಹನ್ನೊಂದು ತಲೆ ಒಪ್ಪಿಸುತ್ತಿದ್ದ,
ಜೋಳ ಅಳೆಸಿಕೊಂಡು, ಧೋತರ ಹಳೆಯದೆಂದು ಜಗಳ ಮಾಡುತ್ತಿದ್ದ.
ಮುತ್ತಜ್ಜನ ಒಡಹುಟ್ಟಿದವರ ಹತ್ತಿರ ಬಂದಾಗ ಮಾತ್ರ
ನಿಲ್ಲಿಸಿ, ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದ.
ಪ್ರತಿ ಸಲ. ಅಲ್ಲೇ.
ಎಲೆಯಡಿಕೆಯ ಚಟ ಎಂದುಕೊಂಡೇ ನಾನು ಬೆಳೆದೆ.

ಗುರುವಾರ ಎನಿಡ್ ಬಂದರು.
ಎಂಬತ್ತೆಂಟು, ಎರಡು ಕಿವಿಗೂ ಯಂತ್ರ, ಕೊಡೆಯೇ ಊರುಗೋಲು.
ಮೂರನ್ನೂ ಒಂದರ ಹಿಂದೊಂದು ಕೇಳಿಸಿದೆ.
ಬಹಳ ಹೊತ್ತು ಮಾತಿಲ್ಲ. ಆಮೇಲೆ,
"ಅಚ್ಚಿಗೆ ಕೊಡುವಾಗ ಕೆಮ್ಮು ತೆಗೆದೆ.
ಟೈಪು ಮಾಡೋ ಹುಡುಗಿ ಕೇಳಿದ್ದಳು, ಇದನ್ನೂ ಹೊಡೀಬೇಕಾ ಅಂತ."
ಮತ್ತೆ, ನನಗಲ್ಲ, ಸ್ಪೀಕರಿಗೆ:
"ಅಲ್ಲಿ ಒಬ್ಬರಿದ್ದರು."

ಯಾರು? ಅಣ್ಣನನ್ನು ಕೊಂದವನೋ, ಒಬ್ಬ ಹೆಂಗಸೋ,
ಹೊರಗಿಂದ ಬಂದು ಕೂತವನೋ.
ಅವರಿಗೆ ಗೊತ್ತಿಲ್ಲ.
ಹಗ್ಗಕ್ಕೆ ಇನ್ನೊಂದು ಇಪ್ಪತ್ತೇಳು ಸೇರಿದರೆ
ಆ ಗ್ರಹಣ ಬೇರೆ ಗ್ರಹಣ,
ಗೂಟ ನೆಟ್ಟದ್ದು ಬೇರೆಯವರ ಹೊಲದಲ್ಲಿ.
ನಾಲ್ಕನೆಯ ಅಧ್ಯಾಯ ಹೋಯ್ತಲ್ಲ ಎಂದು
ಯಾರದೋ ಚೇಷ್ಟೆ ಹಿಡಿದುಕೊಟ್ಟವರಂತೆ ನಕ್ಕರು.

ಟ್ರಾಮ್ ನಿಲ್ದಾಣದವರೆಗೆ ಜೊತೆಗೆ ಹೋದೆ. ತುಂತುರು.
ಬೆರಳು ಮಡಿಸುತ್ತ, ಯಾರ್ಕ್‌ಷೈರಿನ ನಾಲಿಗೆಯಲ್ಲಿ
ಆ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು.
ಐದು. ಆರು.
ಬೆರಳು ನಿಂತಿತು.
ಹಿಲ್ಸ್‌ಬರೋ ಕಡೆಯ ಟ್ರಾಮು ಬಂತು, ಬಾಗಿಲು ತೆರೆಯಿತು,
ಕಾದಿತು, ಮುಚ್ಚಿತು, ಹೋಯಿತು.
ಏಳನೆಯವನನ್ನು ನಾನು ನೆನಪಿಸಲಿಲ್ಲ.