ಅಂಕಿ ನಿಲ್ಲುವವರೆಗೆ

ಒಂಬೈನೂರ ಎಂಬತ್ತು.
ಶಾಹಿದಾ ಸಿಸ್ಟರ್ ಎರಡು ಸಲ ಓದಿದರು,
ನಾನು ಮೂರನೆಯ ಸಲ, ಗಾಜಿನಾಚೆಯಿಂದ.
ಕಿಲೋಗೆ ಇಪ್ಪತ್ತು ಗ್ರಾಂ ಕಡಿಮೆ.

ರಿಪ್ಪನ್‌ಪೇಟೆಯ ಸೊಸೈಟಿಯಲ್ಲಿ ಹದಿನಾಲ್ಕು ವರ್ಷದಿಂದ
ಅಕ್ಕಿ ತೂಗುವವನು ನಾನು.
ಇಪ್ಪತ್ತು ಗ್ರಾಂ ಎಂದರೇನೆಂದು ನನ್ನನ್ನು ಕೇಳಬೇಕು:
ಕೆಂಪು ಅಂಕಿ ಇನ್ನೂ ನಡುಗುತ್ತಿರುವಾಗಲೇ
ಚೀಲ ಎತ್ತಿ ಕೊಟ್ಟರೆ ಉಳಿಯುವಷ್ಟು.
ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹಿಡಿಯೂ ಅಲ್ಲ.

ಇಪ್ಪತ್ತೊಂಬತ್ತನೇ ವಾರ.
ಬಟ್ಟೆ ಒಗೆಯುತ್ತಿದ್ದ ನಾಗವೇಣಿ
"ಸೊಂಟ ಹಿಡಿದಿದೆ, ಏನೋ ವಾಯು" ಎಂದಳು.
ಆಮೇಲೆ ಕಲ್ಲಿನ ಮೇಲೆ ನೀರು, ಬಕೆಟ್ಟಿನದಲ್ಲ.
ಊರ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಚುಚ್ಚಿ
"ಇದು ತಾಯಿಗಲ್ಲ, ಮಗುವಿನ ಶ್ವಾಸಕೋಶಕ್ಕೆ;
ಇನ್ನೊಂದು ಡೋಸಿನವರೆಗೆ ತಡೆದರೆ ಒಳ್ಳೆಯದು" ಎಂದರು.
ತಡೆಯುವುದು ಯಾರು?

ಅರಸಾಳಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು.
ತಾಳಗುಪ್ಪದ ರೈಲು ಅವತ್ತೇ ಸರಿಯಾದ ಹೊತ್ತಿಗೆ.
ಡ್ರೈವರ್ ಕೆರಿಯಪ್ಪ ಸೈರನ್ ಆರಿಸಿ, ಹಿಂದೆ ತಿರುಗಿ,
"ಉಸಿರು ಬಿಡಕ್ಕ, ಮುಕ್ಕಬೇಡ" ಎಂದ.
ಅವನಿಗೆ ಯಾರು ಕಲಿಸಿದ್ದೋ.
ಶಿವಮೊಗ್ಗ ಮುಟ್ಟಿ ನಲವತ್ತು ನಿಮಿಷಕ್ಕೆ ಹುಟ್ಟಿದಳು.
ಅತ್ತಳೋ ಇಲ್ಲವೋ, ನನಗೆ ಕೇಳಿಸಲಿಲ್ಲ.

"ಬದುಕುತ್ತದಾ?" ಕೇಳಿದ್ದು ನಾನಲ್ಲ, ನನ್ನ ಅತ್ತೆ.
ಡಾಕ್ಟರು ಇನ್ನೂ ಹುಡುಗ, ಕಣ್ಣ ಕೆಳಗೆ ಕಪ್ಪು.
"ಇಂಥ ತೂಕಕ್ಕೆ ನೂರಕ್ಕೆ ಎಪ್ಪತ್ತು ಎನ್ನಬಹುದು.
ಆದರೆ ನಿಮ್ಮ ಮಗು ನೂರಲ್ಲ, ಒಂದೇ."
ಅತ್ತೆ ಎಪ್ಪತ್ತನ್ನು ಸೆರಗಿಗೆ ಗಂಟು ಹಾಕಿಕೊಂಡರು.
ನಾನು ಮೂವತ್ತನ್ನು ಹೊತ್ತುಕೊಂಡು
ಕಾರಿಡಾರಿನ ತುಂಬ ಓಡಾಡಿದೆ.

ಮೊಣಕೈವರೆಗೆ ತೊಳೆದು ಒಳಗೆ ಹೋದರೆ
ನೀಲಿ ಬೆಳಕಿನಲ್ಲಿ ಅವಳು,
ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು,
ಕಣ್ಣಾಮುಚ್ಚಾಲೆಯಲ್ಲಿ ಎಲ್ಲರೂ ಬಿಟ್ಟುಹೋದವಳಂತೆ.
ನನ್ನ ಉಂಗುರ ಅವಳ ತೋಳಿಗೆ ಬಳೆಯಾದೀತು.
ನಾಗವೇಣಿ ಬಟ್ಟಲಿಗೆ ಹಿಂಡಿದ ಹಾಲು
ನಳಿಕೆಯಲ್ಲಿ, ಎರಡು ಗಂಟೆಗೊಮ್ಮೆ, ಒಂದು ಎಂಎಲ್.
ಕೆಲವೊಮ್ಮೆ ಉಸಿರಾಡುವುದನ್ನೇ ಮರೆಯುತ್ತಾಳೆ.
ಮೆಷಿನ್ನು ಕೂಗುತ್ತದೆ.
ಸಿಸ್ಟರ್ ಓಡುವುದಿಲ್ಲ, ನಡೆದೇ ಬಂದು
ಅಂಗಾಲಿಗೆ ಬೆರಳಿನಿಂದ ಟಕ್ಕೆಂದು ಹೊಡೆಯುತ್ತಾರೆ:
"ಏಯ್, ಉಸಿರಾಡೇ ಮಾರಾಯ್ತಿ."
ಆಡುತ್ತಾಳೆ.

ಏಳನೇ ದಿನ ಎಂಟುನೂರ ತೊಂಬತ್ತು.
ಮೊದಮೊದಲು ಇಳಿಯುತ್ತದೆ, ಎಲ್ಲರದ್ದೂ, ಎಂದರು.
ರಾತ್ರಿ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ:
ತಿಂಗಳಿಗೆ ನಾನೂರು ಕಾರ್ಡು, ಹದಿನಾಲ್ಕು ವರ್ಷ,
ಯಾವ ಮುದುಕಿಯ ಪಾಲು ಇದು?
ಬೆಳಿಗ್ಗೆ ಸಿಸ್ಟರ್‌ಗೆ ಹೇಳಿಯೂಬಿಟ್ಟೆ.
ಗ್ಲೌಸು ತೆಗೆಯುತ್ತ ನಕ್ಕರು.
"ನಿನ್ನ ಕಳ್ಳತನದ ವಸೂಲಿಗೆ ಇವಳ ಹತ್ತಿರ ಯಾಕಪ್ಪ ಬರ್ತಾರೆ?
ನಾಗವೇಣಿಗೆ ಮೂತ್ರದಲ್ಲಿ ಸೋಂಕಿತ್ತು.
ಎರಡು ತಿಂಗಳು ಚೆಕಪ್ಪಿಗೇ ಹೋಗಿಲ್ಲ.
ನಿನಗೆ ರಜೆ ಇರಲಿಲ್ಲವಂತೆ."
ಪಾಪವೇ ಹಗುರವಿತ್ತು.

ಪಕ್ಕದ ತೊಟ್ಟಿಲಿನದು ಸಾವಿರದ ಇನ್ನೂರು.
ಅದರ ಅಪ್ಪ ಶಿಕಾರಿಪುರದ ಬಸವಣ್ಯಪ್ಪ, ಗಾರೆ ಕೆಲಸ,
ದಿನಾ ನನ್ನ ಜೊತೆ ಬೈಟು ಟೀ.
ಅವನ ಮಗನ ಮೆಷಿನ್ನು ಸುಮ್ಮನಾದದ್ದು ನಸುಕಿನಲ್ಲಿ.
ಟವೆಲಿನಲ್ಲಿ ಎತ್ತಿಕೊಂಡು ಹೋಗುವವನು
ನಿಂತು, "ನಿಂದು ಹೆಂಗಿದೆ?" ಅಂದ.
ನಾನು ಎರಡು ದಿನ ತೂಕ ಕೇಳಲಿಲ್ಲ.

ಇಪ್ಪತ್ತೆರಡನೇ ದಿನ ನನ್ನ ಅಂಗಿಯ ಗುಂಡಿ ಬಿಚ್ಚಿಸಿ
ಎದೆಯ ಮೇಲೆ ಕಪ್ಪೆಯಂತೆ ಮಲಗಿಸಿದರು.
ಕಣ್ಣು ಮುಚ್ಚಿಕೊಂಡೇ ಕಾಲು ಕಿಲೋ ಹೇಳುವ ಕೈ
ಅವಳ ಬೆನ್ನ ಮೇಲೆ ಕೂತು
ಎಷ್ಟೆಂದು ಹೇಳಲಾರದೆ ಹೋಯಿತು.

ಆಮೇಲೆ ಸ್ಕೇಲು.
ಒಂಬೈನೂರ ತೊಂಬತ್ತಾರು, ಸಾವಿರದ ನಾಲ್ಕು,
ಒಂಬೈನೂರ ತೊಂಬತ್ತೊಂಬತ್ತು.
ಕಾಲು ಒದೆಯುತ್ತಿದ್ದಳು, ಅಂಕಿ ನಿಲ್ಲುತ್ತಿರಲಿಲ್ಲ.
"ಸಾಕು ಸಿಸ್ಟರ್, ಎತ್ತಿಬಿಡಿ" ಎಂದೆ.
"ಇರು, ನಿಲ್ಲಲಿ" ಎಂದರು.
ಕಾದೆವು.